ಬೊಮ್ಮನಹಳ್ಳಿಯ ಫ್ಲೂಯಿಡ್ ಹೆಡ್

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಜೆ.ಪಿ. ನಗರದ ಒಂದು ಸ್ಟುಡಿಯೋದಲ್ಲಿ ಕ್ಯಾಮೆರಾ ಅಸಿಸ್ಟೆಂಟ್ ಆಗಿದ್ದೆ. ಸ್ಟುಡಿಯೋ ಎಂದ ತಕ್ಷಣ ದೊಡ್ಡ ಫ್ಲೋರು, ಸೆಟ್ಟು ಎಂದೆಲ್ಲ ಕಲ್ಪಿಸಿಕೊಳ್ಳಬೇಕಿಲ್ಲ. ಟೈಲ್ಸ್ ಅಂಗಡಿಯ ಮೇಲಿನ ಒಂದು ಮಹಡಿ, ಅಷ್ಟೇ. ಮುಂದಿನ ಕೋಣೆಯಲ್ಲಿ ಯಜಮಾನರ ಮೇಜು, ಗೋಡೆಯ ತುಂಬ ಅವರು ನಟನಟಿಯರ ಪಕ್ಕ ನಿಂತ ಫೋಟೋಗಳು. ಹಿಂದಿನ ಕೋಣೆಯಲ್ಲಿ ಲೈಟುಗಳು, ಕೇಬಲ್ ಸುರುಳಿಗಳು ಮತ್ತು ನಾನು. ಊದುಬತ್ತಿ, ತುಪ್ಪ, ಸೀರೆ ಅಂಗಡಿಗಳ ಜಾಹೀರಾತು ಚಿತ್ರಗಳೇ ನಮ್ಮ ಮುಖ್ಯ ಕಸುಬು.

ನಾನು ಧಾರವಾಡದ ಕಡೆಯವಳು. ಸಿನಿಮಾ ಛಾಯಾಗ್ರಹಣ ಓದಿ ಬಂದು, ಬಿ.ಟಿ.ಎಂ. ಲೇಔಟಿನಲ್ಲಿ ನಮ್ಮ ಕಡೆಯ ಇಬ್ಬರು ಹುಡುಗಿಯರ ಜೊತೆ ಬಾಡಿಗೆಗೆ ಮನೆ ಹಿಡಿದಿದ್ದೆ. ಅವರಿಬ್ಬರೂ ಆಫೀಸಿಗೆ ಹೋಗುವವರು. ಓನರ್ ಆಂಟಿಗೆ ನಾನೂ ಹಾಗೇ ಏನೋ ಟೈಪಿಂಗ್ ಕೆಲಸದವಳು ಎಂದು ಅವರೇ ಹೇಳಿಟ್ಟಿದ್ದರು. ಕ್ಯಾಮೆರಾ ವಿಭಾಗದಲ್ಲಿ ಹೆಂಗಸರು ಆಗ ಇರಲೇ ಇಲ್ಲ ಎನ್ನಬೇಕು. ಶೂಟಿಂಗಿಗೆ ಹೋದ ಕಡೆಯೆಲ್ಲ ನನ್ನನ್ನು ಮೇಕಪ್ಪಿನವಳೆಂದುಕೊಂಡು ಕನ್ನಡಿ ಕೇಳುತ್ತಿದ್ದರು. ಎರಡೂ ಕೈಯಲ್ಲಿ ಲೆನ್ಸ್ ಪೆಟ್ಟಿಗೆ ಹಿಡಿದು ನಿಂತಿದ್ದಾಗಲೂ ಕೇಳಿದ್ದಾರೆ.

ಹೀಗಿರುವಾಗ ಸ್ಟುಡಿಯೋದ ಯಜಮಾನರು, ಮದ್ರಾಸಿನಲ್ಲಿ ಬಾಗಿಲು ಮುಚ್ಚುತ್ತಿದ್ದ ಸ್ಟುಡಿಯೋ ಒಂದರಿಂದ, ಹಳೆಯ ಜರ್ಮನ್ ಕ್ಯಾಮೆರಾವೊಂದನ್ನು ಕೊಂಡು ತಂದರು. ಸಿನಿಮಾ ತೆಗೆಯುವ ಮೂವತ್ತೈದು ಎಂ.ಎಂ. ಫಿಲ್ಮಿನದು. ಬೆನ್ನ ಮೇಲೆ ಫಿಲ್ಮ್ ತುಂಬಿದ ದೊಡ್ಡ ಡಬ್ಬಿ, ಮುಂದೆ ಮೊಳದುದ್ದದ ಜೂಮ್ ಲೆನ್ಸ್ ಕೂರಿಸಿದರೆ ಒಳ್ಳೆ ರುಬ್ಬುವ ಕಲ್ಲಿನ ಭಾರ. ಅದಕ್ಕೆ ಪೂಜೆ ಮಾಡಿಸಿದರು. ಅರಿಶಿನ ಕುಂಕುಮವನ್ನು ಲೆನ್ಸಿನ ಗಾಜಿಗೇ ಹಚ್ಚಲು ಹೊರಟ ಪುರೋಹಿತರನ್ನು ನಾನು ತಡೆದದ್ದಕ್ಕೆ, ಮಂಗಳಕಾರ್ಯದಲ್ಲಿ ಅಪಶಕುನ ಮಾಡಿದವಳು ಎಂದು ಬಹಳ ದಿನ ಅನ್ನಿಸಿಕೊಂಡೆ. ಬಂದ ಗಿರಾಕಿಗಳನ್ನೆಲ್ಲ ಯಜಮಾನರು ಕ್ಯಾಮೆರಾದ ಮುಂದೆ ಕರೆದೊಯ್ದು, ಮಗಳ ಮದುವೆಗೆ ಮಾಡಿಸಿದ ಒಡವೆ ತೋರಿಸುವವರ ಹಾಗೆ ಮೇಲಿನ ಮಖಮಲ್ಲು ಬಟ್ಟೆ ಸರಿಸಿ ತೋರಿಸುತ್ತಿದ್ದರು.

ಕ್ಯಾಮೆರಾ ಬಂತು, ಲೆನ್ಸ್ ಬಂತು, ಬ್ಯಾಟರಿ ಬಂತು. ಇಷ್ಟು ಭಾರದ್ದು ಯಾವುದರ ಮೇಲೆ ನಿಲ್ಲಬೇಕು ಎಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ನಮ್ಮಲ್ಲಿದ್ದದ್ದು ಮದುವೆ ವಿಡಿಯೋ ತೆಗೆಯುವಂಥ ಒಂದು ಸಣ್ಣ ಟ್ರೈಪಾಡ್. ಅದರ ಮೇಲೆ ಈ ಕ್ಯಾಮೆರಾ ಇಡುವುದೆಂದರೆ ಮಗುವಿನ ವಾಕರಿನಲ್ಲಿ ತಾತನನ್ನು ಕೂರಿಸಿದ ಹಾಗೆ.

ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ಟ್ರೈಪಾಡ್ ಎಂದರೆ ಮೂರು ಕಾಲು. ಆ ಕಾಲುಗಳ ಮೇಲೆ, ಕ್ಯಾಮೆರಾದ ಕೆಳಗೆ ಇರುವ ಭಾಗಕ್ಕೆ ಹೆಡ್ ಎನ್ನುತ್ತಾರೆ. ಕ್ಯಾಮೆರಾವನ್ನು ಎಡಬಲಕ್ಕೆ ತಿರುಗಿಸುವುದು, ಮೇಲಕ್ಕೂ ಕೆಳಕ್ಕೂ ಬಾಗಿಸುವುದು ಈ ಹೆಡ್ಡಿನ ಕೆಲಸ. ಒಳ್ಳೆಯ ಫ್ಲೂಯಿಡ್ ಹೆಡ್ಡಿನೊಳಗೆ ತಟ್ಟೆಗಳ ನಡುವೆ ಜಿಗುಟಾದ ಸಿಲಿಕಾನ್ ಗ್ರೀಸು ತೆಳ್ಳಗೆ ಇರುತ್ತದೆ. ಅದು ಕೈಯನ್ನು ಒಂದೇ ಸಮ ತಡೆದು ಹಿಡಿಯುವುದರಿಂದ ನಮ್ಮ ನಡುಕ ಚಿತ್ರಕ್ಕೆ ತಲುಪುವುದಿಲ್ಲ. ಜೊತೆಗೆ ಕ್ಯಾಮೆರಾದ ಭಾರಕ್ಕೆ ಸರಿಯಾಗಿ ಎದುರು ಎಳೆಯುವ ಸ್ಪ್ರಿಂಗ್ ಇರುತ್ತದೆ. ಕ್ಯಾಮೆರಾವನ್ನು ಎಷ್ಟೇ ಬಾಗಿಸಿ ಕೈ ಬಿಟ್ಟರೂ ಅದು ಅಲ್ಲೇ ನಿಲ್ಲಬೇಕು. ಬೀಳಲೂ ಬಾರದು, ಮೇಲೇಳಲೂ ಬಾರದು. ಇದೇನು ಬ್ರಹ್ಮವಿದ್ಯೆಯಲ್ಲ. ಆದರೆ ಆ ವರ್ಷದ ಮಳೆಗಾಲ ಪೂರ್ತಿ ನಾನು ಇದನ್ನೇ ಯಜಮಾನರಿಗೆ ಹೇಳಿದೆ. ಅವರು ಪ್ರತಿ ಸಲವೂ ಮೊದಲ ಸಲ ಕೇಳಿದವರ ಹಾಗೆ ಕೇಳಿ, ಕೊನೆಗೆ ಒಂದೇ ಮಾತು ಹೇಳುತ್ತಿದ್ದರು: ಸ್ಕ್ರೀನಿನ ಮೇಲೆ ಸ್ಟ್ಯಾಂಡ್ ಕಾಣುತ್ತದೆಯೇ?

ನಮ್ಮ ಛಾಯಾಗ್ರಾಹಕರು ಐವತ್ತು ದಾಟಿದವರು. ನಾನು ಅವರನ್ನು ಸಾರ್ ಎಂದೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ. ಬನಶಂಕರಿ ಎರಡನೇ ಹಂತದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಬೆಳಕು ನೋಡುವುದರಲ್ಲಿ ಅವರಂಥವರನ್ನು ನಾನು ಆಮೇಲೂ ಕಂಡಿಲ್ಲ. ಊದುಬತ್ತಿಯ ಹೊಗೆಯನ್ನು ಅವರು ಹಿಂದಿನಿಂದ ಬೆಳಗಿಸಿದರೆ ಅದು ಪರದೆಯಿಂದ ಇಳಿದು ಮೂಗಿಗೇ ಬರುತ್ತದೇನೋ ಅನ್ನಿಸುತ್ತಿತ್ತು. ಗಿರಾಕಿಗಳು ಬರುತ್ತಿದ್ದದ್ದು ಅವರನ್ನು ನೋಡಿ, ಯಜಮಾನರ ಗೋಡೆಯ ಫೋಟೋಗಳನ್ನು ನೋಡಿ ಅಲ್ಲ. ಆದರೆ ಅವರಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಯಾರು ಏನೇ ಹೇಳಲಿ, "ಆಯ್ತು, ನೋಡೋಣ" ಎನ್ನುತ್ತಿದ್ದರು. ಸುರಿಯುವ ಮಳೆಯಲ್ಲಿ ಸೂರ್ಯೋದಯ ಬೇಕು ಎಂದರೂ ಆಯ್ತು, ನೋಡೋಣ. ಅವರ ಆ ಸಜ್ಜನಿಕೆಯನ್ನು ಕಂಡರೆ ನನಗೆ ಗೌರವಕ್ಕಿಂತ ಹೆಚ್ಚಾಗಿ ಮೈ ಉರಿಯುತ್ತಿತ್ತು.

ಯಜಮಾನರ ಹೆಂಡತಿಯ ತಮ್ಮನದು ಬೊಮ್ಮನಹಳ್ಳಿಯಲ್ಲಿ ಒಂದು ವರ್ಕ್‌ಶಾಪ್ ಇತ್ತು. ಗಾರ್ಮೆಂಟ್ ಫ್ಯಾಕ್ಟರಿಗಳಿಗೆ ಕಬ್ಬಿಣದ ಮೇಜು, ಕಿಟಕಿಯ ಗ್ರಿಲ್ಲು ಮಾಡಿಕೊಡುತ್ತಿದ್ದ. ಒಂದು ದಿನ ಭಾವನನ್ನು ನೋಡಲು ಬಂದವನು ನಮ್ಮ ಮಾತು ಕೇಳಿಸಿಕೊಂಡ. ವಿದೇಶದ ಹೆಡ್ಡಿನ ಕ್ಯಾಟಲಾಗನ್ನು ಕೈಗೆ ತೆಗೆದುಕೊಂಡು, ಹಾಳೆ ತಿರುವಿ, ಚಿತ್ರವನ್ನು ತಲೆಕೆಳಗು ಮಾಡಿ ನೋಡಿದ.

"ಫ್ಲೂಯಿಡ್ ಅಂದ್ರೆ ಆಯಿಲ್ ತಾನೆ ಭಾವ? ಎರಡು ಬೇರಿಂಗು, ಒಂದು ಆಯಿಲ್ ಸೀಲು. ಇದಕ್ಕೆ ಜರ್ಮನಿ ತನಕ ಯಾಕ್ ಹೋಗ್ಬೇಕು?"

ಯಜಮಾನರ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ದೇಶಾಭಿಮಾನದ ಮೇಲೆ ಆ ಹೊತ್ತು ಅವರು ಮಾಡಿದ ಭಾಷಣವನ್ನು ಬರೆಯಲು ನನಗೆ ಮನಸ್ಸಿಲ್ಲ. ನಾನು ಸಾರ್ ಕಡೆ ನೋಡಿದೆ. ಅವರು ಕನ್ನಡಕ ಒರೆಸುತ್ತ, "ಆಯ್ತು, ನೋಡೋಣ" ಎಂದರು.

ಆ ಹೆಡ್ಡು ದಸರೆ ಕಳೆದ ಮೇಲೆ ಟೆಂಪೋದಲ್ಲಿ ಬಂತು. ಗ್ರಿಲ್ಲಿಗೆ ಹೊಡೆಯುವ ಹಸಿರು ಬಣ್ಣವನ್ನೇ ಯಜಮಾನರ ಬಾಮೈದ ಅದಕ್ಕೂ ಹೊಡೆದಿದ್ದ. ಒಳಗೆ ಲಾರಿಯ ಗೇರ್ ಆಯಿಲ್. ಕ್ಯಾಮೆರಾ ಬೀಳದಂತೆ ತಡೆಯಲು ಮೊಪೆಡ್ಡಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಹಾಕಿದ್ದ, ಅದನ್ನು ಮುಚ್ಚಿಡುವ ಸಂಕೋಚ ಕೂಡ ಇಲ್ಲದೆ ಹೊರಗೇ ಬಿಟ್ಟಿದ್ದ. ಹಿಡಿಯಲು ಸೈಕಲ್ಲಿನ ಹ್ಯಾಂಡಲ್ ಗ್ರಿಪ್. ಮೂರು ಕಾಲುಗಳು ಚೌಕದ ಪೈಪಿನವು. ಕಾಲುಗಳು ಅಗಲಕ್ಕೆ ಜಾರದಂತೆ ಕೆಳಗೆ ಕಟ್ಟಿ ಹಿಡಿಯುವ ಪಟ್ಟಿ ಇರಬೇಕಲ್ಲ, ಅದು ಎಲ್ಲಿ ಎಂದು ಕೇಳಿದೆ. ಕ್ಯಾಟಲಾಗಿನ ಚಿತ್ರದಲ್ಲಿ ಅದು ಇರಲಿಲ್ಲ ಮೇಡಂ ಎಂದ. ಚಿತ್ರದಲ್ಲಿ ಕಾಲುಗಳನ್ನು ಮಡಚಿಟ್ಟಿದ್ದರು, ಅದಕ್ಕೇ ಕಾಣಿಸಿರಲಿಲ್ಲ.

ಆ ಹಸಿರು ಯಂತ್ರದ ಜೊತೆ ನಾನು ಕಳೆದ ವಾರಗಳನ್ನು ನೆನೆದರೆ ಈಗಲೂ ನನಗೆ ಒಂಥರಾ ಆಗುತ್ತದೆ. ಬೆಳಗಿನ ಚಳಿಯಲ್ಲಿ ಆಯಿಲ್ ಗಟ್ಟಿಯಾಗಿ ಹೆಡ್ಡು ತಿರುಗುತ್ತಲೇ ಇರಲಿಲ್ಲ. ಜೋರಾಗಿ ತಳ್ಳಿದರೆ ಒಮ್ಮೆಲೇ ಗಕ್ಕನೆ ಹೊರಟು, ಬೇಕಾದ ಜಾಗ ದಾಟಿ ಹೋಗಿ ನಿಲ್ಲುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಅದೇ ಆಯಿಲ್ ನೀರಾಗಿ, ಮುಟ್ಟಿದರೆ ಸಾಕು ಬುಗುರಿಯಂತೆ ಸುತ್ತುತ್ತಿತ್ತು. ನಡುವೆ ಹತ್ತು ಗಂಟೆಯ ಸುಮಾರಿಗೆ ಸ್ವಲ್ಪ ಹೊತ್ತು ಸರಿಯಾಗಿ ಕೆಲಸ ಮಾಡುತ್ತಿತ್ತು. ಯಜಮಾನರು ಗಿರಾಕಿಗಳನ್ನು ಅದೇ ಹೊತ್ತಿಗೆ ಕರೆಸಿ ತೋರಿಸುತ್ತಿದ್ದರು. ಸೀಲಿನಿಂದ ಆಯಿಲ್ ಸೋರಿ, ಜಯನಗರದ ಸೀರೆ ಅಂಗಡಿಯೊಂದರಲ್ಲಿ ಹಾಸಿದ್ದ ಬಿಳಿ ಗಾದಿಯ ಮೇಲೆ ಕಪ್ಪು ಹನಿಗಳು ಬಿದ್ದವು. ಅಂಗಡಿಯವರು ಕೂಗಾಡಿದರು. ಬಾಮೈದ ಸೀಮೆಎಣ್ಣೆ ತರಿಸಿ ಒರೆಸಲು ಹೋಗಿ ಹನಿಗಳನ್ನು ತಟ್ಟೆಯಷ್ಟಗಲ ಮಾಡಿದ.

ಸಾರ್ ಅದನ್ನೂ ಸಹಿಸಿದರು. ಪ್ಯಾನ್ ಬೇಕಾದ ಕಡೆ, ಎಂದರೆ ಕ್ಯಾಮೆರಾ ತಿರುಗಬೇಕಾದ ಕಡೆ, ಅದನ್ನು ತಿರುಗಿಸದೆ ನಟಿಯನ್ನೇ ನಡೆಸಿ ಹೇಗೋ ಶಾಟ್ ಮುಗಿಸುತ್ತಿದ್ದರು. ಇದು ನಿಲ್ಲುವ ವಸ್ತುವಲ್ಲ, ನೀವಾದರೂ ಒಂದು ಮಾತು ಹೇಳಿ ಎಂದು ನಾನು ಎಷ್ಟೋ ಸಲ ಕೇಳಿಕೊಂಡೆ. ಮನೆಯವರೇ ಮಾಡಿದ್ದು, ಬೇಜಾರು ಮಾಡಿಕೊಳ್ಳುತ್ತಾರೆ ಎನ್ನುತ್ತಿದ್ದರು. ಕ್ಯಾಮೆರಾ ಬೇಜಾರು ಮಾಡಿಕೊಂಡರೆ ಏನು ಮಾಡುತ್ತೀರಿ ಎಂದೆ. ನಕ್ಕರು.

ಕೊನೆಗೆ ಊದುಬತ್ತಿ ಕಂಪನಿಯೊಂದರ ಜಾಹೀರಾತು ಬಂತು. ನಿರ್ದೇಶಕ ಬೊಂಬಾಯಿಯಲ್ಲಿ ಕೆಲಸ ಮಾಡಿ ಬಂದವನು, ಜುಟ್ಟು ಬಿಟ್ಟಿದ್ದ. ಅವನಿಗೆ ಬೇಗೂರು ಕೆರೆಯ ಏರಿಯ ಮೇಲಿಂದ ಒಂದು ಉದ್ದನೆಯ ಪ್ಯಾನ್ ಬೇಕಿತ್ತು: ನೀರಿನ ಮೇಲಿನ ಬೆಳಕಿನಿಂದ ಶುರುವಾಗಿ, ಆಚೆ ದಡ ಸವರಿಕೊಂಡು, ದೇವಸ್ಥಾನದ ಕಡೆಯಿಂದ ಏರಿ ಹತ್ತಿ ಬರುವ ಹೆಂಗಸಿನ ಮುಖದಲ್ಲಿ ನಿಲ್ಲಬೇಕು. ನಿಧಾನ, ಒಂದೇ ಸಮ. ನಟಿಯನ್ನು ನಡೆಸಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಕೆರೆಯನ್ನು ನಡೆಸಲು ಆಗುವುದಿಲ್ಲವಲ್ಲ.

ಡಿಸೆಂಬರಿನ ಬೆಳಗು. ಏರಿಯ ಮೇಲೆ ಚಪ್ಪಡಿ ಕಲ್ಲು, ಅದರ ಮೇಲೆ ಇಬ್ಬನಿ. ಕಾಲುಗಳು ಜಾರದಿರಲಿ ಎಂದು ನಾನು ಗೋಣಿಚೀಲ ಹಾಸಿ, ಕಾಲಿನಿಂದ ಕಾಲಿಗೆ ಹಗ್ಗ ಕಟ್ಟಿದ್ದೆ. ನಿರ್ದೇಶಕ ಬಂದವನೇ ಇದೇನು ದನ ಕಟ್ಟಿದಂತೆ ಕಟ್ಟಿದ್ದೀರಿ ಎಂದು ನಗಾಡಿದ. ಮೊದಲ ಪ್ಯಾನಿಗೆ ಹೆಡ್ಡು ಅಲುಗಲಿಲ್ಲ. ಎರಡನೆಯದಕ್ಕೆ ಗಕ್ಕನೆ ಹೊರಟು ನಟಿಯನ್ನು ದಾಟಿ ಪೊದೆಯಲ್ಲಿ ನಿಂತಿತು. ನಿರ್ದೇಶಕ ಬಾಯಿಗೆ ಬಂದಂತೆ ಇಂಗ್ಲಿಷಿನಲ್ಲಿ ಮಾತಾಡಿದ. ಜೊತೆಗೆ ಬಂದಿದ್ದ ಬಾಮೈದ, ಆಯಿಲ್ ಸ್ವಲ್ಪ ಬಿಸಿಯಾದರೆ ಸರಿಹೋಗುತ್ತದೆ ಎಂದು ಹೇಳಿ, ಸ್ಪ್ಯಾನರ್ ತೆಗೆದು ತಿರುಪೊಂದನ್ನು ಸಡಿಲ ಮಾಡಿದ. ಯಾವ ತಿರುಪು ಎಂದು ನಾನು ಕೇಳುವಷ್ಟರಲ್ಲಿ ಸಾರ್ ಮತ್ತೆ ಕಣ್ಣು ಕೊಟ್ಟು ಕ್ಯಾಮೆರಾ ಶುರು ಮಾಡಿದ್ದರು.

ಅವನು ಸಡಿಲಿಸಿದ್ದು ಸ್ಪ್ರಿಂಗನ್ನು ಹಿಡಿದಿದ್ದ ತಿರುಪು. ಪ್ಯಾನ್ ಅರ್ಧ ಆಗಿತ್ತು. ಕ್ಯಾಮೆರಾ ಮೂಗು ಕೆಳಗೆ ಮಾಡಿತು. ಮೊದಲು ಮೆಲ್ಲಗೆ, ಆಮೇಲೆ ಒಂದೇ ಏಟಿಗೆ. ಆ ಭಾರ ಮುಂದಕ್ಕೆ ವಾಲಿದ ರಭಸಕ್ಕೆ ಮುಂದಿನ ಕಾಲು ಗೋಣಿಯ ಸಮೇತ ಜಾರಿತು. ನಾನು ಹಿಂದಿನಿಂದ ಡಬ್ಬಿಗೆ ಕೈ ಹಾಕಿದೆ. ಸಾರ್ ಮುಂದೆ ಹೋಗಿ ಲೆನ್ಸಿನ ಕೆಳಗೆ ಬಲಗೈ ಒಡ್ಡಿದರು. ಇಬ್ಬರೂ ಸೇರಿ ಅದನ್ನು ಕೆರೆಗೆ ಬೀಳದಂತೆ ತಡೆದೆವು. ಆದರೆ ಕಲ್ಲಿಗೂ ಕ್ಯಾಮೆರಾಕ್ಕೂ ನಡುವೆ ಅವರ ಮಣಿಕಟ್ಟು ಸಿಕ್ಕಿಕೊಂಡಿತ್ತು. ಅದು ಮುರಿದ ಸದ್ದು ನನಗೆ ಕೇಳಿಸಿತು. ಸಾರ್ ಕಲ್ಲಿನ ಮೇಲೆ ಕೂತು, ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು.

ಯಜಮಾನರು ಏರಿಯ ಕೆಳಗೆ ಕಾರಿನ ಹತ್ತಿರ ಇದ್ದರು. ಪಂಚೆ ಎತ್ತಿಕಟ್ಟಿ ಓಡಿ ಬಂದರು. ಓಡಿ ಬಂದವರು ಸಾರ್ ಅವರನ್ನು ದಾಟಿ ಹೋಗಿ ಕ್ಯಾಮೆರಾದ ಮುಂದೆ ಮಂಡಿಯೂರಿದರು.

"ಲೆನ್ಸ್ ಏನಾಯ್ತು?" ಎಂದರು.

ಲೆನ್ಸಿಗೆ ಏನೂ ಆಗಿರಲಿಲ್ಲ. ಅದರ ಮುಂದೆ ಬಿಸಿಲು ತಡೆಯುವ ಹುಡ್ ಮಾತ್ರ ನೆಗ್ಗಿತ್ತು. ಅದನ್ನು ತಿಳಿದ ಮೇಲೆ ಅವರು ಉಸಿರು ಬಿಟ್ಟು, ಸಾರ್ ಕಡೆ ತಿರುಗಿ, ನಿಮಗೇನೂ ಆಗಿಲ್ಲ ತಾನೆ ಎಂದು ಕೇಳಿದರು. ಬಾಮೈದ ಆ ಹೊತ್ತಿಗೆ ನೆಲ ಪರೀಕ್ಷೆ ಮಾಡುತ್ತಿದ್ದ. ಕಲ್ಲು ಇಳಿಜಾರಾಗಿದೆ, ಜಾಗ ಸರಿಯಿಲ್ಲ ಎಂದು ತೀರ್ಪು ಕೊಟ್ಟ.

ನಾನು ಸಾರ್ ಅವರನ್ನು ಆಟೋದಲ್ಲಿ ಜಯನಗರದ ಆಸ್ಪತ್ರೆಗೆ ಕರೆದೊಯ್ದೆ. ಮೂಳೆ ಎರಡು ಕಡೆ ಮುರಿದಿತ್ತು. ಸಿಲ್ಕ್ ಬೋರ್ಡಿನ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ, ಆಟೋ ಕುಲುಕಿದಾಗಲೆಲ್ಲ ಅವರು ಕಣ್ಣು ಮುಚ್ಚುತ್ತಿದ್ದರು. ನನ್ನ ಬಾಯಲ್ಲಿ ಬೈಗುಳ ಬಿಟ್ಟು ಬೇರೇನೂ ಇರಲಿಲ್ಲ. ಅವರಿಗೂ ಬೈದೆ. ನೀವು ಒಂದು ಸಲ ಇಲ್ಲ ಅಂದಿದ್ದರೆ ಇದು ಆಗುತ್ತಿರಲಿಲ್ಲ ಎಂದೆ. ಅವರು ಹೌದು ಎಂಬಂತೆ ತಲೆಯಾಡಿಸಿದರು.

ಸ್ಟುಡಿಯೋದಲ್ಲಿ ಇದಕ್ಕೆಲ್ಲ ಕಾರಣ ಕಂಡುಹಿಡಿದರು. ಕ್ಯಾಮೆರಾಕ್ಕೆ ದೃಷ್ಟಿಯಾಗಿತ್ತಂತೆ. ಬೂದುಗುಂಬಳಕಾಯಿ ಒಡೆದರು. ಪೆಟ್ಟಿಗೆಗೆ ಕಪ್ಪು ದಾರ ಕಟ್ಟಿದರು. ಬಾಮೈದ ಇನ್ನೂ ದಪ್ಪ ತಗಡಿನಲ್ಲಿ ಎರಡನೆಯ ಹೆಡ್ಡು ಮಾಡಲು ಶುರು ಮಾಡಿದ್ದಾನೆ, ಈ ಸಲ ಎರಡು ಸ್ಪ್ರಿಂಗ್ ಹಾಕುತ್ತಾನೆ ಎಂದು ಯಜಮಾನರು ನನಗೆ ಸಿಹಿಸುದ್ದಿಯಂತೆ ಹೇಳಿದರು.

ಮುಂದಿನ ವಾರ ಸಾರ್ ಕೈಗೆ ಬಿಳಿ ಪ್ಲಾಸ್ಟರ್ ಹಾಕಿಸಿಕೊಂಡು ಆಫೀಸಿಗೆ ಬಂದರು. ಯಜಮಾನರು ಕಾಫಿ ತರಿಸಿ, ಎರಡನೆಯ ಹೆಡ್ಡಿನ ವಿಚಾರ ತೆಗೆದರು. ನಾನು ಬಾಗಿಲ ಹತ್ತಿರ ನಿಂತು, ಈಗ ಬರುತ್ತದೆ 'ನೋಡೋಣ' ಎಂದು ಕಾಯುತ್ತಿದ್ದೆ.

ಸಾರ್ ಕಾಫಿ ಲೋಟವನ್ನು ಎಡಗೈಯಲ್ಲಿ ಕೆಳಗಿಟ್ಟರು. "ಇಲ್ಲ ಸಾರ್. ಅದರ ಹಿಂದೆ ಇನ್ನು ನಾನು ನಿಲ್ಲಲ್ಲ."

ಯಜಮಾನರಿಗೆ ಅರ್ಥವಾಗಲಿಲ್ಲ. ನೋವಿನಲ್ಲಿ ಹೇಳುತ್ತಿದ್ದೀರಿ, ವಾಸಿಯಾಗಲಿ, ಆಮೇಲೆ ಮಾತಾಡೋಣ ಎಂದರು.

"ನೋವು ಹೋಗುತ್ತೆ. ಹೋದ್ಮೇಲೂ ನಿಲ್ಲಲ್ಲ. ಸರಿಯಾದ ಟ್ರೈಪಾಡು, ಸರಿಯಾದ ಹೆಡ್ಡು ತರಿಸಿ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೊಳಿ."

ದನಿ ಏರಿರಲಿಲ್ಲ. ಆದರೂ ಯಜಮಾನರ ಕೈಯಲ್ಲಿದ್ದ ಬಿಸ್ಕತ್ತು ಕಾಫಿಯಲ್ಲಿ ನೆನೆದು ಮುರಿದು ಬಿತ್ತು. ಇಷ್ಟು ವರ್ಷ ಆಯ್ತು ಎಂದವರ ಬಾಯಲ್ಲಿ ಇಲ್ಲ ಕೇಳಿದರೆ ಜನ ಹೇಗೆ ಗಾಬರಿಯಾಗುತ್ತಾರೆಂದು ಆ ದಿನ ಕಂಡೆ. ಜಗಳಗಂಟಿ ಎಂದು ಹೆಸರು ಮಾಡಿದ್ದ ನಾನು ಹೇಳಿದ್ದರೆ ಅವರು ಬಿಸ್ಕತ್ತು ಪೂರ್ತಿ ತಿನ್ನುತ್ತಿದ್ದರು.

ಮದ್ರಾಸಿನಿಂದ ಒಬ್ಬ ಡೀಲರ್ ಬಂದ. ಜಯನಗರ ನಾಲ್ಕನೇ ಬ್ಲಾಕಿನ ಹೋಟೆಲೊಂದರ ಎರಡನೇ ಮಹಡಿಯ ಹಾಲಿನಲ್ಲಿ ಮೂರು ಟ್ರೈಪಾಡುಗಳನ್ನು, ಮೂರರ ಮೇಲೂ ಹೆಡ್ಡುಗಳನ್ನು ಕೂರಿಸಿ ಸಾಲಾಗಿ ನಿಲ್ಲಿಸಿದ. ಟೈ ಕಟ್ಟಿದ್ದ, ಗಂಧದ ಎಣ್ಣೆಯ ವಾಸನೆ ಬರುತ್ತಿತ್ತು. ಒಂದು ಸಣ್ಣ ವಿಡಿಯೋ ಕ್ಯಾಮೆರಾ ತಂದಿದ್ದ. ಅದನ್ನು ಒಂದೊಂದರ ಮೇಲೂ ಇಟ್ಟು ಬೆರಳ ತುದಿಯಲ್ಲಿ ತಿರುಗಿಸಿ, ಬೆಣ್ಣೆ ಸಾರ್ ಬೆಣ್ಣೆ ಎನ್ನುತ್ತಿದ್ದ. ಯಜಮಾನರೂ ಬೆರಳಿನಿಂದ ತಿರುಗಿಸಿ ಬೆಣ್ಣೆ ಎಂದರು. ಬಾಮೈದನೂ ತಿರುಗಿಸಿ ಬೆಣ್ಣೆ ಎಂದ. ತೆಂಗಿನಕಾಯಿಯಷ್ಟು ಭಾರವೂ ಇಲ್ಲದ ಕ್ಯಾಮೆರಾ ಇಟ್ಟರೆ ನಮ್ಮ ಮನೆಯ ಮಜ್ಜಿಗೆ ಕಡೆಯುವ ಕಂಬವೂ ಬೆಣ್ಣೆಯೇ ಕೊಡುತ್ತದೆ.

ನಮ್ಮ ಕ್ಯಾಮೆರಾವನ್ನೇ ಇಟ್ಟು ನೋಡಬೇಕು ಎಂದೆ. ಡೀಲರ್ ಅದೆಲ್ಲ ಬೇಕಾಗಿಲ್ಲ ಮೇಡಂ, ಎಷ್ಟು ಭಾರ ತಡೆಯುತ್ತದೆಂದು ಕ್ಯಾಟಲಾಗಿನಲ್ಲೇ ಬರೆದಿದೆ ಎಂದ. ಸಾರ್ ಕೆಳಗೆ ಕ್ಯಾಮೆರಾ ಇದ್ದ ನಮ್ಮ ವ್ಯಾನಿನ ಕಡೆ ಹೊರಟರು. ಹಾಗಾಗಿ ಕ್ಯಾಮೆರಾ ಮೇಲೆ ಬಂತು.

ಮೊದಲನೆಯದು ನೋಡಲು ಬಲು ಚೆಂದ. ಕಪ್ಪಗೆ ಹೊಳೆಯುವ ಕಾರ್ಬನ್ ಕಾಲುಗಳು, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ನಮ್ಮ ಕ್ಯಾಮೆರಾ ಇಟ್ಟು ಸ್ವಲ್ಪ ಬಾಗಿಸಿ ಕೈ ಬಿಟ್ಟೆ. ಮಧ್ಯಾಹ್ನದ ಕ್ಲಾಸಿನಲ್ಲಿ ತೂಕಡಿಸುವ ಹುಡುಗನ ತಲೆಯ ಹಾಗೆ ಅದು ಮೆಲ್ಲಗೆ ಮುಂದಕ್ಕೆ ಇಳಿಯಿತು. ಡೀಲರ್ ಥಟ್ಟನೆ ಹಿಡಿದುಕೊಂಡು, ಲಾಕ್ ಬಿಗಿಯಾಗಿ ಹಾಕಿಟ್ಟರೆ ಏನೂ ಆಗುವುದಿಲ್ಲ ಎಂದ.

ಸಿಟ್ಟು ಬಂದರೆ ನನಗೆ ಊರಿನ ಮಾತೇ ಬರುತ್ತದೆ. "ಲಾಕ್ ಯಾವಾಗ್ಲೂ ಬಿಗದ ಇಡೂದಾದ್ರ ಹೆಡ್ ಯಾಕ ಬೇಕ್ರಿ? ಸ್ಟೂಲ್ ಮ್ಯಾಲ ಇಟ್ರ ಆತಲ್ಲ."

ಯಜಮಾನರು ನನ್ನ ಮಾತಿನ ಧಾಟಿಗೆ ನಕ್ಕರು. ಮಾತಿನ ಅರ್ಥ ಡೀಲರಿಗೆ ತಲುಪಿರಬೇಕು, ಎರಡನೆಯದನ್ನು ಮುಂದಕ್ಕೆ ಎಳೆದ.

ಎರಡನೆಯದರ ಹೆಡ್ಡು ಗಟ್ಟಿಯಾಗಿತ್ತು. ಬಾಗಿಸಿದ ಕಡೆ ನಿಂತಿತು. ಸಾರ್ ಕಣ್ಣು ಕೊಟ್ಟು, ಕಿಟಕಿಯಾಚೆ ಎದುರಿನ ಕಟ್ಟಡದ ಮೇಲಿದ್ದ ನೀರಿನ ಟ್ಯಾಂಕಿನ ಅಂಚಿಗೆ ಗುರಿಯಿಟ್ಟು, ಎಡಗೈಯಲ್ಲಿ ತಿರುಗಿಸಿ ನಿಲ್ಲಿಸಿದರು. ಆಮೇಲೆ ನೀನೂ ನೋಡು ಎಂದರು. ನಾನೂ ಹಾಗೇ ಮಾಡಿದೆ. ಪ್ರತಿ ಸಲ ನಿಲ್ಲಿಸಿದಾಗಲೂ ಟ್ಯಾಂಕಿನ ಅಂಚು ಒಂದು ಕೂದಲೆಳೆ ಹಿಂದಕ್ಕೆ ಬರುತ್ತಿತ್ತು. ಹೆಡ್ಡಿನ ತಪ್ಪಲ್ಲ, ಕಾಲುಗಳದು. ಮೇಲಿನ ಭಾರ ತಿರುಗುವಾಗ ಕೆಳಗಿನ ಕಾಲುಗಳು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡು, ಬಿಟ್ಟ ಮೇಲೆ ಬಿಚ್ಚಿಕೊಳ್ಳುತ್ತಿದ್ದವು. ಬರಿಗಣ್ಣಿಗೆ ಕಾಣುವುದಿಲ್ಲ. ಚಿತ್ರಮಂದಿರದ ಪರದೆಯ ಮೇಲೆ ಆ ಕೂದಲೆಳೆ ಗೇಣಗಲವಾಗುತ್ತದೆ. ಇದನ್ನು ಹೇಳಿದಾಗ ಡೀಲರ್, ಅಷ್ಟು ಸೂಕ್ಷ್ಮ ಯಾರು ನೋಡುತ್ತಾರೆ ಮೇಡಂ ಎಂದ. ನೋಡುವುದನ್ನೇ ಕಸುಬು ಮಾಡಿಕೊಂಡವರ ಮುಂದೆ ನಿಂತು ಹೇಳಿದ ಮಾತು ಅದು.

ಮೂರನೆಯದನ್ನು ತೋರಿಸಲು ಅವನಿಗೇ ಮನಸ್ಸಿರಲಿಲ್ಲ. ಹಳೆಯ ಮಾದರಿ, ಊರೂರು ಸುತ್ತಿ ಗೀರು ಬಿದ್ದಿತ್ತು. ದಪ್ಪ ಅಲ್ಯೂಮಿನಿಯಂ ಕಾಲುಗಳು, ಮೇಲೆ ಹೆಡ್ಡು ಕೂರುವ ಬಟ್ಟಲು ಉಳಿದವಕ್ಕಿಂತ ಅಗಲ, ಕಾಲುಗಳ ನಡುವೆ ಗಟ್ಟಿಯಾದ ಪಟ್ಟಿ. ಕ್ಯಾಮೆರಾ ಇಟ್ಟೆ. ಸ್ಪ್ರಿಂಗಿನ ಗುಂಡಿಯನ್ನು ಅದರ ಭಾರಕ್ಕೆ ತಕ್ಕಂತೆ ತಿರುಗಿಸಿ, ಕ್ಯಾಮೆರಾವನ್ನು ನೆಲ ನೋಡುವಷ್ಟು ಬಾಗಿಸಿ ಕೈ ಬಿಟ್ಟೆ. ನಿಂತಿತು. ಆಕಾಶ ನೋಡುವಂತೆ ಎತ್ತಿ ಕೈ ಬಿಟ್ಟೆ. ನಿಂತಿತು. ಸಾರ್ ಎಡಗೈಯ ಎರಡು ಬೆರಳಲ್ಲಿ ಹಿಡಿ ಹಿಡಿದು, ಕೆಳಗಿನ ರಸ್ತೆಯಲ್ಲಿ ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಒಬ್ಬ ಹೆಂಗಸನ್ನು ಹಿಂಬಾಲಿಸಿದರು. ಆಕೆ ನಡುವೆ ಹೂವಿನವಳ ಹತ್ತಿರ ನಿಂತಳು, ಕ್ಯಾಮೆರಾ ನಿಂತಿತು. ಆಕೆ ಹೊರಟಳು, ಕ್ಯಾಮೆರಾ ಹೊರಟಿತು. ತಿರುವಿನಲ್ಲಿ ಆಕೆ ಮರೆಯಾದ ಮೇಲೂ ಸಾರ್ ಕಣ್ಣು ತೆಗೆಯಲಿಲ್ಲ. ತೆಗೆದಾಗ ಅವರ ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ಖುಷಿ ಇತ್ತು. ಆ ಹಾಲಿನಲ್ಲಿ ನನಗೆ ಯಾರ ಮೇಲೂ ಸಿಟ್ಟಿಲ್ಲದೆ ಕಳೆದ ಗಳಿಗೆ ಅದೊಂದೇ.

ಯಜಮಾನರಿಗೆ ಮೊದಲನೆಯದೇ ಹಿಡಿಸಿತ್ತು. ಗಿರಾಕಿಗಳಿಗೆ ತೋರಿಸಲು ಚೆನ್ನಾಗಿರುತ್ತದೆ ಎಂದರು. ಸ್ವಲ್ಪ ಬಾಗುವ ದೋಷವಿದ್ದರೆ ತಾನು ಸ್ಪ್ರಿಂಗ್ ಹಾಕಿಕೊಡುತ್ತೇನೆ ಎಂದು ಬಾಮೈದ ಧೈರ್ಯ ತುಂಬಿದ. ಆಮೇಲೆ ಯಜಮಾನರು ನನ್ನ ಕಡೆ ತಿರುಗಿ, ಬಹಳ ಕನಿಕರದಿಂದ ಹೇಳಿದರು: "ನಿನಗೋಸ್ಕರ ಹೇಳ್ತಿದ್ದೀನಮ್ಮ. ದಿನಾ ಹೊರೋಳು ನೀನು. ಆ ಮೂರನೇದು ಹೆಣ್ಣುಮಕ್ಕಳು ಎತ್ತೋ ಭಾರ ಅಲ್ಲ."

ಅಷ್ಟು ವರ್ಷ ಅವರ ಲೈಟು, ಕೇಬಲ್ಲು, ಹಸಿರು ಕಬ್ಬಿಣ ಎಲ್ಲ ಹೊತ್ತಿದ್ದಾಗ ನಾನು ಹೆಣ್ಣುಮಗಳು ಎಂದು ಅವರಿಗೆ ನೆನಪಾಗಿರಲಿಲ್ಲ. ನಾನು ಕ್ಯಾಮೆರಾ ಇಳಿಸಿ, ಆ ಮೂರನೆಯ ಟ್ರೈಪಾಡಿನ ಕಾಲು ಮಡಚಿ, ಹೆಡ್ಡಿನ ಸಮೇತ ಹೆಗಲಿಗೇರಿಸಿಕೊಂಡು, ಎರಡು ಮಹಡಿ ಮೆಟ್ಟಿಲಿಳಿದು, ವ್ಯಾನಿನವರೆಗೆ ಹೋಗಿ, ಮತ್ತೆ ಹತ್ತಿ ಬಂದು ಅದೇ ಜಾಗದಲ್ಲಿ ಇಟ್ಟೆ. ಸುಲಭವಾಗಿತ್ತು ಎಂದು ಸುಳ್ಳು ಹೇಳುವುದಿಲ್ಲ. ಹೆಗಲು ಬಹಳ ದಿನ ನೀಲಿಗಟ್ಟಿತ್ತು. ಒಂದು ಯಂತ್ರವನ್ನು ಅದರ ಯೋಗ್ಯತೆಯ ಮೇಲೆ ಕೊಳ್ಳಲು ಇಂಥ ದೊಂಬರಾಟ ಬೇಕಾಯಿತಲ್ಲ ಎಂಬುದು ಹೆಗಲಿಗಿಂತ ಹೆಚ್ಚು ನೋಯಿತು. ನಾನು ಬರುವ ಹೊತ್ತಿಗೆ ಸಾರ್ ಮಾತು ಮುಗಿಸಿದ್ದರು. ಮೂರನೆಯದೇ ಎಂದಿದ್ದರಂತೆ, ಅಷ್ಟೇ. ಯಜಮಾನರು ಸೋತ ಮುಖದಲ್ಲಿ ಡೀಲರ್ ಜೊತೆ ಮೂಲೆಯಲ್ಲಿ ನಿಂತಿದ್ದರು. ಬಾಮೈದ ನೆಲದ ಮೇಲೆ ಅಂಗಾತ ಮಲಗಿ, ಟೇಪು ಹಿಡಿದು ಡೀಲರಿನ ಎರಡನೆಯ ಟ್ರೈಪಾಡಿನ ಹೆಡ್ಡಿನ ತಳದ ಅಳತೆ ತೆಗೆಯುತ್ತಿದ್ದ. ಇದನ್ನು ನೋಡಿಕೊಂಡು ತಾನೇ ಮಾಡಬಹುದು ಎಂದ.

ಊದುಬತ್ತಿಯವರು ಅದೃಷ್ಟಕ್ಕೆ ನಮಗಾಗಿ ಕಾದಿದ್ದರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಬೇಗೂರು ಕೆರೆಯ ಅದೇ ಪ್ಯಾನ್ ತೆಗೆದೆವು. ಮೊದಲ ಸಲಕ್ಕೇ ಬಂತು. ಜುಟ್ಟಿನ ನಿರ್ದೇಶಕ ಎಲ್ಲವನ್ನೂ ಹೊಗಳಿದ: ನೀರು, ಮಂಜು, ನಟಿಯ ಸೀರೆ, ಕೊನೆಗೆ ತನ್ನ ಆಲೋಚನೆ. ಕ್ಯಾಮೆರಾ ಹೇಗೆ ಅಷ್ಟು ಸಮನಾಗಿ ತಿರುಗಿತು ಎಂದು ಕೇಳಲಿಲ್ಲ. ಸಾರ್ ಅವರ ಮಣಿಕಟ್ಟು ಮಾತ್ರ ಪೂರ್ತಿ ಸರಿಹೋಗಲಿಲ್ಲ. ಬಲಗೈ ಒಂದು ಹಂತದವರೆಗೆ ಹೊರಳಿ ಅಲ್ಲಿಗೆ ನಿಂತುಬಿಡುತ್ತಿತ್ತು. ಹೆಡ್ಡಿನ ಹಿಡಿಯನ್ನು ಎಡಕ್ಕೆ ಬದಲಿಸಿಕೊಂಡು ಉಳಿದ ವರ್ಷಗಳೆಲ್ಲ ಎಡಗೈಯಲ್ಲೇ ಕೆಲಸ ಮಾಡಿದರು. ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಬರತೊಡಗಿದರು.

ಮುಂದಿನ ಕೆಲವು ವರ್ಷಗಳಲ್ಲಿ ಫಿಲ್ಮ್ ಹೋಗುತ್ತ ಬಂತು. ಜರ್ಮನ್ ಕ್ಯಾಮೆರಾ ಯಜಮಾನರ ಕೋಣೆಯಲ್ಲಿ ಗಾಜಿನ ಪೆಟ್ಟಿಗೆ ಸೇರಿತು. ಅದರ ಜಾಗದಲ್ಲಿ ಒಂದಾದ ಮೇಲೊಂದು ಡಿಜಿಟಲ್ ಕ್ಯಾಮೆರಾಗಳು ಬಂದವು, ಹಳತಾದವು, ಹೋದವು. ಟ್ರೈಪಾಡು, ಹೆಡ್ಡು ಮಾತ್ರ ಬದಲಾಗಲಿಲ್ಲ. ನಾನು ಅಷ್ಟರಲ್ಲಿ ಅಲ್ಲಿಂದ ಬಿಟ್ಟು ಸ್ವಂತವಾಗಿ ಕೆಲಸ ಮಾಡುತ್ತಿದ್ದೆ, ಬೇಕಾದಾಗ ಅದನ್ನೇ ಬಾಡಿಗೆಗೆ ತರುತ್ತಿದ್ದೆ. ಬಾಡಿಗೆ ಕೊಡುವಾಗ ಯಜಮಾನರು ಹುಷಾರು ಎಂದು ಹೇಳುತ್ತಿದ್ದರು. ನನಗೆ!

ಎರಡು ಸಾವಿರದ ದಶಕದ ನಡುವಿನಲ್ಲಿ, ಜೆ.ಪಿ. ನಗರದ ಸಭಾಂಗಣವೊಂದರಲ್ಲಿ ಸಿನಿಮಾ ಕಲಿಯುವ ಮಕ್ಕಳಿಗೆ ಒಂದು ಕಾರ್ಯಕ್ರಮ ಇಟ್ಟಿದ್ದರು. ಯಜಮಾನರು ವೇದಿಕೆಯ ಮೇಲಿದ್ದರು, ಹೆಗಲಿಗೆ ಶಾಲು, ತಲೆಗೆ ಪೇಟ. ನಾನೂ ಸಾರೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಒಬ್ಬ ಹುಡುಗಿ ಎದ್ದು, ಕ್ಯಾಮೆರಾ ಕೊಳ್ಳುವ ಮುಂಚೆ ಏನು ನೋಡಬೇಕು ಎಂದು ಕೇಳಿದಳು. ಯಜಮಾನರು ಮೈಕನ್ನು ಬಾಯಿಗೆ ಹತ್ತಿರ ತಂದುಕೊಂಡರು. ಮೊದಲು ಟ್ರೈಪಾಡು ನೋಡಬೇಕು ಎಂದರು. ತಾವು ಮೂರು ಟ್ರೈಪಾಡುಗಳನ್ನು ಪಕ್ಕಪಕ್ಕ ನಿಲ್ಲಿಸಿ, ಸ್ವತಃ ಭಾರವಾದ ಕ್ಯಾಮೆರಾ ಇಟ್ಟು, ಬಾಗಿಸಿ ಕೈ ಬಿಟ್ಟು ಪರೀಕ್ಷೆ ಮಾಡಿದ್ದನ್ನು ವಿವರವಾಗಿ ಹೇಳಿದರು. ಎಲ್ಲರೂ ಹೊಳೆಯುವುದನ್ನು ಕೊಳ್ಳಿ ಎಂದರೂ ತಾವು ಹಟ ಹಿಡಿದು ಗೀರು ಬಿದ್ದದ್ದನ್ನೇ ಆರಿಸಿದ್ದು, ಅದು ಇವತ್ತಿಗೂ ದುಡಿಯುತ್ತಿರುವುದು, ಎಲ್ಲ ಹೇಳಿದರು. ವಿಚಿತ್ರವೆಂದರೆ ಒಂದು ವಿವರವೂ ತಪ್ಪಿರಲಿಲ್ಲ. ಕಾಲುಗಳು ತಿರುಚಿಕೊಳ್ಳುವುದನ್ನು ನೀರಿನ ಟ್ಯಾಂಕ್ ನೋಡಿ ಕಂಡುಹಿಡಿದದ್ದನ್ನೂ ಬಿಡಲಿಲ್ಲ. ಮಕ್ಕಳು ಬರೆದುಕೊಂಡರು. ಆಮೇಲೆ ಜೋರಾಗಿ ಚಪ್ಪಾಳೆ.

ನಾನು ಪಕ್ಕಕ್ಕೆ ನೋಡಿದೆ. ಸಾರ್ ಎಡಗೈಯಿಂದ ತೊಡೆ ತಟ್ಟುತ್ತ ತಾವೂ ಚಪ್ಪಾಳೆ ಹೊಡೆಯುತ್ತಿದ್ದರು.

ಕಾರ್ಯಕ್ರಮ ಮುಗಿದ ಮೇಲೆ ಎದುರಿನ ದರ್ಶಿನಿಯಲ್ಲಿ ಕಾಫಿಗೆ ನಿಂತೆವು. ನನಗೆ ತಡೆಯಲಾಗಲಿಲ್ಲ. ಯಾಕ ಹೊಡದ್ರಿ ಸರ ಚಪ್ಪಾಳಿ ಎಂದು ಕೇಳಿದೆ.

ಅವರು ಕಾಫಿಗೆ ಊದಿ ಒಂದು ಗುಟುಕು ಕುಡಿದರು. "ಆ ಹುಡುಗಿ ಬರ್ಕೊಂಡಳಲ್ಲಮ್ಮ. ಸರಿಯಾಗೇ ಬರ್ಕೊಂಡಳು."

ನನಗೆ ಸಮಾಧಾನವಾಗಲಿಲ್ಲ. ಇವತ್ತಿಗೂ ಆಗಿಲ್ಲ. ಅವರಿಗೆ ಒಂದು ಖಾಲಿ ದೋಸೆ ಹೇಳಿದೆ, ಬಲಗೈಯಲ್ಲಿ ಮುರಿಯಲು ಕಷ್ಟವಾಗುತ್ತದೆಂದು ತುಂಡು ಮಾಡಿ ತಟ್ಟೆಯಲ್ಲಿಟ್ಟೆ. ಆಮೇಲೆ ಅವರ ಬನಶಂಕರಿ ಬಸ್ಸು ಬರುವ ತನಕ ನಿಲ್ದಾಣದಲ್ಲಿ ನಿಂತು, ಯಜಮಾನರ ಪೇಟ, ಶಾಲು, ಬಾಮೈದನ ಗೇರ್ ಆಯಿಲ್ ಒಂದನ್ನೂ ಬಿಡದೆ ಬೈದೆ. ಸಾರ್ ಪೂರ್ತಿ ಕೇಳಿಸಿಕೊಂಡರು. ಬಸ್ಸು ಬಂತು, ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿ ಹೋದರು.